ದೃಶ್ಯ ಇತ್ತು, ಉಳಿಯಲಿಲ್ಲ: ಕಾರಿಗೆ ಕಂಪನಿಯಿಂದಲೇ ಕ್ಯಾಮೆರಾ ಬೇಕೆ?

ಮೂರು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಸಂಜೆ, ನಮ್ಮ ದೊಡ್ಡಪ್ಪನ ಮಗ ಕುಮಟಾದಿಂದ ಸ್ಕೂಟರಿನಲ್ಲಿ ಶಿರಸಿಗೆ ಬರುತ್ತಿದ್ದ. ದೇವಿಮನೆ ಘಟ್ಟದ ಒಂದು ತಿರುವಿನಲ್ಲಿ ಮೇಲಿನಿಂದ ಇಳಿಯುತ್ತಿದ್ದ ಕಾರಿಗೂ ಅವನಿಗೂ ಡಿಕ್ಕಿಯಾಯಿತು. ಬಿಡದೆ ಸುರಿಯುವ ಮಳೆ, ಮೇಲೆ ಮಂಜು. ಕಾರಿನವರು ಒಳ್ಳೆಯವರು. ಓಡಿಹೋಗಲಿಲ್ಲ, ಅವನನ್ನು ತಮ್ಮ ಕಾರಿಗೇ ಹಾಕಿಕೊಂಡು ಕುಮಟಾದ ಆಸ್ಪತ್ರೆಗೆ ಮುಟ್ಟಿಸಿದರು. ಜೀವ ಉಳಿಯಿತು. ಬಲಗಾಲು ಮಾತ್ರ ಇವತ್ತಿಗೂ ಪೂರ್ತಿ ಮಡಚುವುದಿಲ್ಲ, ಅಡಿಕೆ ತೋಟದ ಏರು ಹತ್ತಿ ಇಳಿಯುವ ಕೆಲಸ ಅವನ ಪಾಲಿಗೆ ಅಲ್ಲಿಗೇ ಮುಗಿಯಿತು.

ಹೇಳಿಕೆ ಪಡೆಯಲು ಪೊಲೀಸರು ಬಂದುಹೋದ ದಿನ ನಾನು ಅವನ ಮಂಚದ ಪಕ್ಕದಲ್ಲಿದ್ದೆ. ಅವರು ಹೊರಟ ಮೇಲೆ ನನ್ನ ಕಡೆ ತಿರುಗಿ, ‘ತಮಾ, ಎಂತಾ ಆತು ಹೇಳಿ ಯಂಗೇ ಗೊತ್ತಿಲ್ಲೆ’ ಅಂದ. ತಲೆಗೆ ಪೆಟ್ಟು ಬಿದ್ದವರಿಗೆ ಆ ಕ್ಷಣ ನೆನಪಿನಿಂದ ಅಳಿಸಿಹೋಗುವುದು ಹೊಸದೇನಲ್ಲ. ಕಾರಿನವರಿಗೆ ನೆನಪಿತ್ತು. ಸ್ಕೂಟರು ತಿರುವಿನಲ್ಲಿ ತಮ್ಮ ಬದಿಗೆ ಬಂತು ಎಂದು ಅವರು ಬರೆಸಿದರು. ಅವರು ಸುಳ್ಳು ಹೇಳಿದರು ಎಂದು ನಾನು ಹೇಳುತ್ತಿಲ್ಲ. ಅವರು ಕೂತ ಜಾಗದಿಂದ ಅವರಿಗೆ ಹಾಗೇ ಕಂಡಿರಬಹುದು. ಆದರೆ ಗಾಡಿಗಳೆರಡನ್ನೂ ಅಷ್ಟರಲ್ಲೇ ಬದಿಗೆ ಸರಿಸಿಯಾಗಿತ್ತು, ಗಾಜಿನ ಚೂರು, ಟಯರಿನ ಗುರುತುಗಳನ್ನು ರಾತ್ರಿಯ ಮಳೆ ತೊಳೆದುಕೊಂಡು ಹೋಗಿತ್ತು. ಮರುದಿನದ ಸ್ಥಳ ಮಹಜರಿನಲ್ಲಿ ಬರೆಯಲು ಹೆಚ್ಚೇನೂ ಉಳಿದಿರಲಿಲ್ಲ.

ಆ ಕಾರಿನ ಹಿಂದೆ ಬೆಂಗಳೂರಿನವರ ಇನ್ನೊಂದು ಕಾರಿತ್ತು. ಅಣ್ಣನನ್ನು ಎತ್ತಲು ಅವರೂ ಕೈಗೂಡಿಸಿದ್ದರು. ಅವರ ಗಾಜಿಗೆ ಡ್ಯಾಶ್‌ಕ್ಯಾಮ್, ಅಂದರೆ ಎದುರಿನ ರಸ್ತೆಯನ್ನು ಚಿತ್ರಿಸುತ್ತ ಹೋಗುವ ಸಣ್ಣ ಕ್ಯಾಮೆರಾ, ಅಂಟಿಸಿದ್ದನ್ನು ಊರಿನ ಹುಡುಗನೊಬ್ಬ ನೋಡಿದ್ದ, ಫೋನ್ ನಂಬರೂ ಅವನ ಬಳಿ ಇತ್ತು. ಈ ವಿಷಯ ನಮಗೆ ತಿಳಿಯುವ ಹೊತ್ತಿಗೆ ಐದು ದಿನ ಕಳೆದಿತ್ತು. ಫೋನ್ ಮಾಡಿದೆವು. ಆ ಮನುಷ್ಯ ಬೇಸರಿಸದೆ ಅಂದು ರಾತ್ರಿಯೇ ಕಾರ್ಡು ತೆಗೆದು ಹುಡುಕಿದರು. ಕಾರ್ಡು ತುಂಬಿದರೆ ಅದು ಹಳೆಯದರ ಮೇಲೇ ಹೊಸದನ್ನು ಬರೆಯುತ್ತದೆ; ಘಟ್ಟದ ಆ ಸಂಜೆಯ ಮೇಲೆ ಗೋಕರ್ಣದ ಬೀದಿ, ಮುರ್ಡೇಶ್ವರದ ಪಾರ್ಕಿಂಗು, ತುಮಕೂರಿನ ಟೋಲು ಎಲ್ಲ ಬರೆದು ಮುಗಿದಿತ್ತು. ಕೊನೆಗೆ ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲಿ ತಪ್ಪು ಇಬ್ಬರದೂ ಸಮಪಾಲು ಎಂದಾಗಿ ಪರಿಹಾರ ಅರ್ಧಕ್ಕೆ ಇಳಿಯಿತು.

ಕಾರುಗಳಿಗೆ ಕಾರ್ಖಾನೆಯಲ್ಲೇ ಡ್ಯಾಶ್‌ಕ್ಯಾಮ್ ಕೂರಿಸಿ ಕೊಡಬೇಕೆ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಕಾರ್ಡು. ಬೇಕು ಎಂಬುದೇ ನನ್ನ ಉತ್ತರ. ಆದರೆ ಕ್ಯಾಮೆರಾ ಕಡ್ಡಾಯ ಮಾಡಿ, ಅದು ಹಿಡಿದ ದೃಶ್ಯ ಯಾರದು, ಎಷ್ಟು ದಿನ ಉಳಿಯಬೇಕು, ಪೆಟ್ಟು ತಿಂದವನ ಮನೆಯವರಿಗೆ ಅದು ಹೇಗೆ ಸಿಗಬೇಕು ಎಂಬುದನ್ನು ಹಾಗೇ ಬಿಟ್ಟರೆ, ಸ್ಕೂಟರಿನವನ ಸ್ಥಿತಿ ಈಗಿನದಕ್ಕಿಂತ ಕೆಡುತ್ತದೆ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಈಗ ಏನಿದೆ

ನಮ್ಮಲ್ಲಿ ಖಾಸಗಿ ಕಾರಿಗೆ ಡ್ಯಾಶ್‌ಕ್ಯಾಮ್ ಕಡ್ಡಾಯವಲ್ಲ, ನಿಷಿದ್ಧವೂ ಅಲ್ಲ. ಹುಂಡೈ ಕಂಪನಿ 2022ರಲ್ಲಿ ವೆನ್ಯೂ ಎನ್ ಲೈನ್ ಕಾರಿಗೆ, 2023ರ ಜುಲೈನಲ್ಲಿ ಬಂದ ಎಕ್ಸ್‌ಟರ್ ಎಂಬ ಸಣ್ಣ ಗಾಡಿಗೆ ಕಂಪನಿಯಿಂದಲೇ ಕ್ಯಾಮೆರಾ ಕೊಟ್ಟಿತು. ಅದೂ ದುಬಾರಿ ಮಾದರಿಗಳಿಗೆ ಮಾತ್ರ. ಉಳಿದವರು ಮೂರು–ನಾಲ್ಕು ಸಾವಿರದಿಂದ ಹಿಡಿದು ಇಪ್ಪತ್ತು ಸಾವಿರದ ತನಕ ಕೊಟ್ಟು ಹೊರಗಿನಿಂದ ಹಾಕಿಸಿಕೊಳ್ಳುತ್ತಾರೆ. ವೈರು ಕತ್ತರಿಸಿ ಜೋಡಿಸಿದರೆ ವಾರಂಟಿ ಹೋದೀತೆಂಬ ಹೆದರಿಕೆಯಿಂದ ಹೆಚ್ಚಿನವರು ಸಿಗರೇಟು ಲೈಟರಿನ ಸಾಕೆಟ್ಟಿಗೇ ಚುಚ್ಚಿ, ವೈರನ್ನು ಗಾಜಿನಂಚಿಗೆ ಇಳಿಬಿಟ್ಟುಕೊಂಡು ಓಡಾಡುತ್ತಾರೆ.

ಕಾನೂನಿನಲ್ಲಿ ಈ ಹೆಸರು ಈಗಾಗಲೇ ಬಂದಿದೆ, ಆದರೆ ಬೇರೆ ಅರ್ಥದಲ್ಲಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 136ಎ ಕಲಂ ಸೇರಿತು. ಅದರಡಿ 2021ರ ಆಗಸ್ಟ್‌ನಲ್ಲಿ ಬಂದ 167ಎ ನಿಯಮ ವೇಗ ಅಳೆಯುವ ಗನ್ನು, ಮೈಮೇಲೆ ಧರಿಸುವ ಕ್ಯಾಮೆರಾಗಳ ಜೊತೆ ಡ್ಯಾಶ್‌ಬೋರ್ಡ್ ಕ್ಯಾಮೆರಾವನ್ನೂ ಹೆಸರಿಸುತ್ತದೆ. ಅಲ್ಲಿ ಅದು ದಂಡ ಹಾಕುವವರ ಕೈಯ ಸಾಧನ. ಸವಾರನ ಕೈಯಲ್ಲಿರುವ ಸಾಕ್ಷಿಯ ಬಗ್ಗೆ ಆ ನಿಯಮ ಏನೂ ಹೇಳುವುದಿಲ್ಲ.

ಸುರಕ್ಷತೆಯ ಸಾಮಾನುಗಳನ್ನು ಸರ್ಕಾರ ಒಂದೊಂದಾಗಿ ಕಡ್ಡಾಯ ಮಾಡಿದ ದಾರಿ ನಮ್ಮ ಕಣ್ಣ ಮುಂದೆಯೇ ಇದೆ. 2019ರ ಜುಲೈನಿಂದ ಚಾಲಕನ ಏರ್‌ಬ್ಯಾಗು, ರಿವರ್ಸ್ ಸೆನ್ಸರು. 2021ರಲ್ಲಿ ಮುಂದಿನ ಸೀಟಿನ ಇನ್ನೊಬ್ಬರಿಗೂ ಏರ್‌ಬ್ಯಾಗು. ಆರು ಏರ್‌ಬ್ಯಾಗಿನ ಕರಡು ಮಾತ್ರ 2022ರಲ್ಲಿ ಬಂದು, ಮುಂದೂಡಿಕೆಯಾಗಿ, ಕಡೆಗೆ ಕಡ್ಡಾಯದಿಂದ ಹೊರಗುಳಿಯಿತು. ಬೆಲೆ ಏರುತ್ತದೆ ಎಂಬ ತಕರಾರು ಆಗಲೂ ಇತ್ತು. ಕ್ಯಾಮೆರಾದ ವಿಷಯದಲ್ಲಿ ಆ ತಕರಾರಿಗೆ ಅಷ್ಟು ಬಲವಿಲ್ಲ ಎಂದು ನನ್ನ ಅನಿಸಿಕೆ. ತಾನಾಗಿ ಬ್ರೇಕು ಹಾಕುವ, ರಸ್ತೆಯ ಗೆರೆ ದಾಟಿದರೆ ಎಚ್ಚರಿಸುವ ವ್ಯವಸ್ಥೆಗಾಗಿ ಈಗಿನ ಎಷ್ಟೋ ಕಾರುಗಳ ಮುಂಗಾಜಿನ ಹಿಂದೆ ಒಂದು ಕ್ಯಾಮೆರಾ ಕೂತೇ ಇರುತ್ತದೆ. ಅಂಥ ಕಾರುಗಳಲ್ಲಿ ಕಣ್ಣು ಇದೆ, ನೆನಪು ಕೊಡುವುದೊಂದೇ ಬಾಕಿ.

ನಮ್ಮ ರಸ್ತೆ, ನಮ್ಮ ಮಳೆ

ಮಾರುಕಟ್ಟೆಯ ಡ್ಯಾಶ್‌ಕ್ಯಾಮ್‌ಗಳ ಜಾಹೀರಾತಿನಲ್ಲಿ ರಸ್ತೆ ಒಣಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಉತ್ತರ ಕನ್ನಡದಲ್ಲಿ ಜೂನ್‌ನಿಂದ ಸೆಪ್ಟೆಂಬರಿನ ತನಕ ಅಂಥ ದಿನ ಬೆರಳೆಣಿಕೆಯಷ್ಟು. ದೇವಿಮನೆ, ಅರಬೈಲು, ಅಣಶಿ ಘಟ್ಟಗಳಲ್ಲಿ ಮಂಜು ಇಳಿದರೆ ಕ್ಯಾಮೆರಾಕ್ಕೆ ಕಾಣುವುದು ಬಿಳಿ ಬಟ್ಟೆಯಷ್ಟೆ. ಗಾಜಿನ ಒಳಮೈ ಬೆವರಿದರೆ ಅದೂ ಇಲ್ಲ. ವೈಪರು ಒರೆಸುವ ಜಾಗದಿಂದ ಮೇಲೆ ಕ್ಯಾಮೆರಾ ಅಂಟಿಸಿದ್ದರೆ ಇಡೀ ಮಳೆಗಾಲ ಅದು ನೀರಿನ ಹನಿಗಳನ್ನೇ ಚಿತ್ರಿಸುತ್ತಿರುತ್ತದೆ. ಕಾರವಾರ ಮತ್ತು ಬಿಣಗಾದ ನಡುವಿನ ಸುರಂಗಕ್ಕೆ ಹೋಗುವಾಗ, ಬರುವಾಗ ಬೆಳಕು ಥಟ್ಟನೆ ಬದಲಾಗಿ ಚಿತ್ರ ಒಮ್ಮೆ ಪೂರ್ತಿ ಕಪ್ಪು, ಒಮ್ಮೆ ಪೂರ್ತಿ ಬಿಳಿ. ಒಳಗೆ ಜಿಪಿಎಸ್ ಸಂಕೇತವೂ ತಪ್ಪುತ್ತದೆ, ಅಷ್ಟು ಹೊತ್ತು ವೇಗದ ಲೆಕ್ಕವನ್ನು ನಂಬುವಂತಿಲ್ಲ.

ಬೇಸಿಗೆಯದು ಬೇರೆ ಕಷ್ಟ. ಏಪ್ರಿಲ್‌ನಲ್ಲಿ ಕಾರವಾರದ ಬಿಸಿಲಿಗೆ ಬಾಗಿಲು ಹಾಕಿ ನಿಲ್ಲಿಸಿದ ಕಾರಿನೊಳಗೆ, ಅದರಲ್ಲೂ ಮುಂಗಾಜಿಗೆ ತಾಗಿಕೊಂಡಿರುವ ಜಾಗದಲ್ಲಿ, ಕಾವು ವಿಪರೀತ. ಅಗ್ಗದ ಕ್ಯಾಮೆರಾಗಳ ಒಳಗಿನ ಲಿಥಿಯಂ ಬ್ಯಾಟರಿ ಉಬ್ಬುತ್ತದೆ. ಒಳ್ಳೆಯವುಗಳಲ್ಲಿ ಬ್ಯಾಟರಿಯ ಬದಲು ಕಾವು ತಾಳುವ, ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕೆಪಾಸಿಟರ್ ಇರುತ್ತದೆ. ಮೆಮೊರಿ ಕಾರ್ಡು ಕೂಡ ಬರೆದು ಅಳಿಸಿ ಬರೆದು ಸವೆಯುವ ವಸ್ತು, ಫೋನಿಗೆ ಹಾಕುವ ಸಾಮಾನ್ಯ ಕಾರ್ಡನ್ನೇ ಇದಕ್ಕೂ ಹಾಕಿದವರು ಅಪಘಾತದ ದಿನ ತೆಗೆದು ನೋಡಿದರೆ ಕಾರ್ಡು ಸತ್ತು ತಿಂಗಳಾಗಿರುತ್ತದೆ. ಕಂಪನಿಯಿಂದಲೇ ಬರುವ ಕ್ಯಾಮೆರಾ ಇಷ್ಟು ತೊಂದರೆಗಳನ್ನು ಒಂದೇ ಏಟಿಗೆ ಕಳೆಯಬಲ್ಲದು. ವಿದ್ಯುತ್ತು ಕಾರಿನದೇ, ಜಾಗ ವೈಪರು ಒರೆಸುವಲ್ಲೇ, ಕಾರ್ಡು ಕೆಟ್ಟರೆ ಬ್ರೇಕ್ ಎಣ್ಣೆ ಕಡಿಮೆಯಾದಾಗ ಉರಿಯುವಂತೆ ಎದುರಿನ ಫಲಕದಲ್ಲೊಂದು ದೀಪ. ಹೊರಗಿನಿಂದ ಹಾಕಿಸಿಕೊಳ್ಳುವುದಕ್ಕಿಂತ ಕಾರ್ಖಾನೆಯದೇ ಮೇಲು ಎನ್ನಲು ನನಗೆ ಇದೇ ದೊಡ್ಡ ಕಾರಣ.

ಇನ್ನೊಂದು ಸಂಗತಿಯನ್ನು ಕ್ಯಾಮೆರಾ ಮಾಡುವವರು ನಮ್ಮ ರಸ್ತೆಗೆ ಬಂದು ನೋಡಬೇಕು. ಈ ಯಂತ್ರಗಳು ಸುತ್ತುಗಟ್ಟಿ ಬರೆಯುತ್ತವೆ. 64 ಜಿಬಿ ಕಾರ್ಡಿನಲ್ಲಿ ಫುಲ್ ಎಚ್‌ಡಿ ದೃಶ್ಯ ಎಂಟು–ಹತ್ತು ಗಂಟೆಯದು ಹಿಡಿಸುತ್ತದೆ, ಆಮೇಲೆ ಹಳೆಯದರ ಮೇಲೆ ಹೊಸದು. ಬಲವಾದ ಜರ್ಕು ಬಿದ್ದರೆ ಒಳಗಿನ ಸೆನ್ಸರು ಅದನ್ನು ಅಪಘಾತವೆಂದು ತಿಳಿದು ಆ ತುಣುಕಿಗೆ ಬೀಗ ಹಾಕುತ್ತದೆ. ಮಳೆಗಾಲ ಕಳೆದ ಮೇಲೆ ಯಲ್ಲಾಪುರದಿಂದ ಅಂಕೋಲಾಕ್ಕೆ ಒಮ್ಮೆ ಇಳಿದರೆ ಸಾಕು, ಒಂದೊಂದು ಹೊಂಡವೂ ಅದಕ್ಕೆ ಒಂದೊಂದು ಅಪಘಾತ. ಬೀಗ ಬಿದ್ದ ತುಣುಕುಗಳಿಂದಲೇ ಕಾರ್ಡು ತುಂಬಿ, ನಿಜವಾದ ಡಿಕ್ಕಿಯ ಹೊತ್ತಿಗೆ ಜಾಗವೇ ಇರುವುದಿಲ್ಲ. ಸೆನ್ಸರನ್ನು ಮಂದ ಮಾಡಿಟ್ಟರೆ ಸ್ಕೂಟರು ತಾಗಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಸಾವಿರ ಕಿಲೋಗಿಂತ ಭಾರದ ಕಾರಿಗೆ ನೂರು ಕಿಲೋದ ಸ್ಕೂಟರು ಒರೆಸಿಕೊಂಡು ಹೋದರೆ ಆಗುವ ಅಲುಗಾಟ ಒಂದು ಹೊಂಡದಷ್ಟೂ ಇರಲಾರದು. ಅಂದರೆ ಯಂತ್ರದ ಲೆಕ್ಕದಲ್ಲಿ ಎದುರಿನವನು ಹಗುರವಾದಷ್ಟೂ ಅವನ ಅಪಘಾತ ದಾಖಲಾಗುವ ಸಂಭವ ಕಡಿಮೆ. ಕ್ಯಾಮೆರಾ ಕಡ್ಡಾಯ ಮಾಡುವ ದಿನ ಬಂದರೆ, ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಗಳು ಗೋಡೆಗೆ ಗುದ್ದಿಸುವ ಪರೀಕ್ಷೆಯ ಜೊತೆ ಇದನ್ನೂ ಪರೀಕ್ಷಿಸಬೇಕು.

ಕಾರ್ಡಿನ ಗೊಡವೆಯೇ ಬೇಡ, ಇಂಟರ್ನೆಟ್ ಮೂಲಕ ದೃಶ್ಯ ನೇರ ಕಂಪನಿಯ ಸರ್ವರಿಗೆ ಹೋಗಲಿ ಎನ್ನುವವರಿದ್ದಾರೆ. ಅವರು ಅಣಶಿ ಘಟ್ಟದಲ್ಲಿ ಒಂದು ಫೋನ್ ಕರೆ ಮಾಡಿ ನೋಡಲಿ. ಅಪಘಾತ ಹೆಚ್ಚು ಆಗುವ ತಿರುವುಗಳಲ್ಲೇ ನಮ್ಮಲ್ಲಿ ಸಿಗ್ನಲ್ ಇರುವುದಿಲ್ಲ. ಇದ್ದರೂ ನನ್ನ ದಿನದ ಓಡಾಟವನ್ನೆಲ್ಲ ಒಂದು ಕಂಪನಿಯ ಕೈಗೆ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಮಂಜಿನಲ್ಲಿ ಕಣ್ಣು ಸೋತಾಗಲೂ ಉಪಯೋಗಕ್ಕೆ ಬರುವ ಒಂದು ಸಾಧನವಿದೆ. ಯುರೋಪಿನಲ್ಲಿ 2022ರ ಜುಲೈನಿಂದ ಹೊಸ ಮಾದರಿಗಳಿಗೆ, 2024ರ ಜುಲೈನಿಂದ ಮಾರಾಟವಾಗುವ ಪ್ರತಿ ಹೊಸ ಕಾರಿಗೂ ಘಟನಾ ದಾಖಲೆಯ ಪೆಟ್ಟಿಗೆ ಕಡ್ಡಾಯವಾಗಿದೆ. ವಿಮಾನದ ಕಪ್ಪು ಪೆಟ್ಟಿಗೆಯ ಚಿಕ್ಕ ತಮ್ಮ ಅನ್ನಬಹುದು. ಡಿಕ್ಕಿಗೆ ಮೊದಲಿನ ಐದು ಸೆಕೆಂಡುಗಳಲ್ಲಿ ವೇಗ ಎಷ್ಟಿತ್ತು, ಬ್ರೇಕು ಒತ್ತಿದ್ದರೇ, ಬೆಲ್ಟು ಹಾಕಿದ್ದರೇ ಎಂಬಂಥ ವಿವರಗಳನ್ನಷ್ಟೇ ಅದು ಹಿಡಿದಿಡುತ್ತದೆ. ಚಿತ್ರವಿಲ್ಲ, ದನಿಯಿಲ್ಲ, ಯಾವ ಊರೆಂಬುದೂ ಇಲ್ಲ. ಅಲ್ಲಿ ಕ್ಯಾಮೆರಾಕ್ಕಿಂತ ಮೊದಲು ಇದನ್ನು ಕಡ್ಡಾಯ ಮಾಡಿದ್ದಾರೆ ಎಂಬುದನ್ನು ನಾವು ಗಮನಿಸಬೇಕು. ನಮ್ಮ ಘಟ್ಟಗಳಿಗೆ ಎರಡೂ ಬೇಕು. ‘ನಾನು ನಿಧಾನ ಇಳಿಯುತ್ತಿದ್ದೆ’ ಎಂಬ ಮಾತಿಗೆ ಮಂಜಿನ ದಿನ ಈ ಪೆಟ್ಟಿಗೆಯನ್ನು ಬಿಟ್ಟರೆ ಬೇರೆ ಸಾಕ್ಷಿ ಸಿಗದು.

ದೃಶ್ಯವೊಂದೇ ತೀರ್ಪಲ್ಲ

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಜಾರಿ ಕಟ್ಟೆಗೆ ಬಡಿಯಿತು. ನಾಲ್ವರು ಸತ್ತರು. ದೊಡ್ಡ ಆಸ್ಪತ್ರೆಯಿಲ್ಲದ ನಮ್ಮ ಜಿಲ್ಲೆಯಿಂದ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಜೀವ ಕೈಯಲ್ಲಿ ಹಿಡಿದು ಓಡುವ ಆಂಬುಲೆನ್ಸುಗಳಲ್ಲಿ ಅದೂ ಒಂದು. ಟೋಲಿನ ಸಿಸಿಟಿವಿ ದೃಶ್ಯ ಸಂಜೆಯೊಳಗೆ ಎಲ್ಲರ ಫೋನಿಗೆ ಬಂತು. ಮಳೆನೀರಿನ ರಸ್ತೆ, ಮಲಗಿದ ದನ, ಬ್ಯಾರಿಕೇಡು ಎಳೆದು ಸರಿಸಲು ಓಡುತ್ತಿರುವ ಸಿಬ್ಬಂದಿ, ಗಿರ್ರನೆ ತಿರುಗಿದ ಗಾಡಿ. ಇದಕ್ಕಿಂತ ಸ್ಪಷ್ಟವಾದ ದೃಶ್ಯ ಸಿಗುವುದು ಕಷ್ಟ. ಆದರೂ ಒಬ್ಬರು ದನದ ತಪ್ಪೆಂದರು, ಒಬ್ಬರು ಟೋಲಿನದ್ದೆಂದರು, ಮತ್ತೊಬ್ಬರು ವೇಗದ್ದೆಂದರು. ಹೇಗೆ ಆಯಿತು ಎಂಬುದನ್ನು ದೃಶ್ಯ ತೋರಿಸಿತು. ಟಯರು ಎಷ್ಟು ಸವೆದಿತ್ತು, ಬ್ರೇಕು ಯಾವಾಗ ಬಿತ್ತು, ರಸ್ತೆಯಲ್ಲಿ ನೀರು ಯಾಕೆ ನಿಂತಿತ್ತು ಎಂಬುದು ಅದರಲ್ಲಿ ಕಾಣುವಂಥದ್ದಲ್ಲ. ಕ್ಯಾಮೆರಾ ಬಂದರೆ ಜಗಳವೇ ಮುಗಿಯುತ್ತದೆ ಎಂದು ನಂಬಿದವರು ಆ ಸಂಜೆಯನ್ನು ನೆನಪಿಸಿಕೊಳ್ಳಬೇಕು.

ಕೋರ್ಟಿನ ಕಟ್ಟೆ ಹತ್ತಿದ ಮೇಲೆ ಬೇರೆಯೇ ಲೆಕ್ಕ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ಸಾಧನದ ಹೊಣೆ ಹೊತ್ತವರು ಸಹಿ ಮಾಡಬೇಕು, ಇನ್ನೊಂದನ್ನು ತಜ್ಞರು. ಕಡತದ ಹ್ಯಾಶ್ ಸಂಖ್ಯೆ, ಅಂದರೆ ಅದರ ಬೆರಳಚ್ಚು ಇದ್ದ ಹಾಗೆ, ಅದನ್ನೂ ನಮೂದಿಸಬೇಕು. ಒಂದು ಚುಕ್ಕಿ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಕೂಡಲೇ ವಿಡಿಯೊ ಕುಗ್ಗಿ ಬೇರೆ ಕಡತವೇ ಆಗಿಬಿಡುತ್ತದೆ. ನಮ್ಮಲ್ಲಿ ಹೆಚ್ಚಿನ ದೃಶ್ಯಗಳು ಠಾಣೆಗೆ ಮುಟ್ಟುವುದು ಮಾತ್ರ ವಾಟ್ಸ್ಆ್ಯಪ್‌ನಿಂದಲೇ.

ಹಳೆಯ ಕಾಯ್ದೆಯ ಕಾಲದಲ್ಲೇ, 2020ರ ಜುಲೈನಲ್ಲಿ, ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತ್ತು. ಮೂಲ ಸಾಧನವನ್ನೇ ತಂದು, ಅದರ ಒಡೆಯ ಸಾಕ್ಷಿ ಹೇಳಿದರೆ ಪ್ರಮಾಣಪತ್ರ ಬೇಡ; ಪ್ರತಿಯಾದರೆ ಬೇಕೇ ಬೇಕು. ಕಾರ್ಖಾನೆಯ ಕ್ಯಾಮೆರಾದ ಪ್ರಶ್ನೆ ಇಲ್ಲಿಗೆ ಬಂದು ತಾಗುತ್ತದೆ. ದೃಶ್ಯ ತೆಗೆಯಬಹುದಾದ ಕಾರ್ಡಿನಲ್ಲಿದ್ದರೆ ಆ ಕಾರ್ಡನ್ನೇ ಲಕೋಟೆಗೆ ಹಾಕಿ ಮೊಹರು ಮಾಡಿ ಕೊಡಬಹುದು. ಡ್ಯಾಶ್‌ಬೋರ್ಡಿನ ಒಳಗಿನ ಚಿಪ್ಪಿನಲ್ಲಿದ್ದು, ಕಂಪನಿಯ ಆ್ಯಪ್ ಮೂಲಕ ಮಾತ್ರ ಹೊರಬರುವುದಾದರೆ ಮೂಲವನ್ನು ತರಲು ಕಾರನ್ನೇ ಬಿಚ್ಚಬೇಕಾಗುತ್ತದೆ. ಆದ್ದರಿಂದ ಕಡ್ಡಾಯದ ನಿಯಮದಲ್ಲಿ ‘ಕಾರ್ಡು ತೆಗೆಯಲು ಬರಬೇಕು, ಸಾಮಾನ್ಯ ಕಂಪ್ಯೂಟರಿನಲ್ಲಿ ತೆರೆಯಬೇಕು’ ಎಂಬ ಸಾಲು ಇರಲೇಬೇಕು.

ಕಾರಿನ ಕಣ್ಣು ಕಾರಿನೊಳಗಿಂದಲೇ ನೋಡುತ್ತದೆ

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರದವರು, ಸುಮಾರು 19 ಮಂದಿ ನಡೆದು ಹೋಗುತ್ತಿದ್ದವರು. ಗುದ್ದಿ ಓಡಿಹೋದ ಪ್ರಕರಣಗಳಲ್ಲೇ 30,486 ಜೀವ ಹೋಗಿದೆ. ಇವರಲ್ಲಿ ಯಾರ ಬಳಿಯೂ ಕ್ಯಾಮೆರಾ ಇರುವುದಿಲ್ಲ, ಕಾರುಗಳಿಗೆ ಕಡ್ಡಾಯವಾದ ಮೇಲೂ ಇರುವುದಿಲ್ಲ. ಕಡ್ಡಾಯವಾದರೆ ಸಾಕ್ಷಿ ಹೆಚ್ಚುತ್ತದೆ ನಿಜ, ಆದರೆ ಅದೆಲ್ಲ ಒಂದೇ ಕಡೆಯವರ ಕೈಯಲ್ಲಿ. ತನಗೆ ಅನುಕೂಲವಾದ ದೃಶ್ಯವನ್ನು ಕಾರಿನವನು ಮೊದಲ ದಿನವೇ ತಂದು ಕೊಡುತ್ತಾನೆ. ಅನುಕೂಲವಿಲ್ಲದ್ದನ್ನು ಅಳಿಸುವ ಕಷ್ಟವನ್ನೂ ತೆಗೆದುಕೊಳ್ಳಬೇಕಾಗಿಲ್ಲ, ಸುಮ್ಮನೆ ಎರಡು ದಿನ ಕಾರು ಓಡಿಸಿದರೆ ಸಾಕು.

ಇದು ಯಾರನ್ನೋ ಅನುಮಾನಿಸುವ ಮಾತಲ್ಲ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಬಂದ ಮೇಲೆ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದ ತನಕ ಸಜೆ, ಹಿಂದೆ ಎರಡು ವರ್ಷವಿತ್ತು. ಭಯ ಹೆಚ್ಚಿದಾಗ ಮನುಷ್ಯ ತನ್ನ ವಿರುದ್ಧದ ಸಾಕ್ಷಿಯನ್ನು ಜೋಪಾನ ಮಾಡುತ್ತಾನೆಂದು ನಿರೀಕ್ಷಿಸುವುದು ಕಾನೂನಿನ ದೌರ್ಬಲ್ಯ. ಪೊಲೀಸರಿಗೆ ಕೇಳುವ ಅಧಿಕಾರವಿದೆ. ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅಡಿ ಡಿಜಿಟಲ್ ಸಾಕ್ಷ್ಯವಿರುವ ಸಾಧನವನ್ನು ತರಿಸಿಕೊಳ್ಳಬಹುದು, ಜಪ್ತಿಯನ್ನು 105ನೇ ಕಲಂ ಪ್ರಕಾರ ವಿಡಿಯೊ ಮಾಡಲೇಬೇಕು. ಅಧಿಕಾರ ಕಾಗದದಲ್ಲಿ ಇದ್ದೇ ಇದೆ. ಎಂಟು–ಹತ್ತು ಗಂಟೆಯ ಸುತ್ತು ಮುಗಿಯುವುದರೊಳಗೆ ಯಾರಾದರೂ ಕೇಳಬೇಕಲ್ಲ!

ನನ್ನ ಮಟ್ಟಿಗೆ ಕಡ್ಡಾಯದ ತಿರುಳು ಇಲ್ಲಿದೆ. ಡಿಕ್ಕಿ ಅಥವಾ ಗಟ್ಟಿ ಬ್ರೇಕು ಬಿದ್ದಾಗ ಹಿಂದಿನ, ಮುಂದಿನ ಒಂದೊಂದು ನಿಮಿಷ ತಾನಾಗಿ ಬೇರೆ ಜಾಗಕ್ಕೆ ಹೋಗಿ ಕೂರಬೇಕು, 90 ದಿನ ಅಲ್ಲಿಂದ ಕದಲಬಾರದು. ಚಾಲಕನೂ ಅಳಿಸಲಾಗಬಾರದು. ತೊಂಬತ್ತು ಎಂದದ್ದು ಸುಮ್ಮನೆ ಬಾಯಿಗೆ ಬಂದ ಸಂಖ್ಯೆಯಲ್ಲ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಅಪಘಾತ ತನಿಖೆಯ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ಪರಿಹಾರ ನ್ಯಾಯಮಂಡಳಿಗೆ ಕೊಡಬೇಕು. ಸಾಕ್ಷಿ ಕನಿಷ್ಠ ಅಲ್ಲಿಯ ತನಕ ಬದುಕಿರಬೇಕು.

ಖಾಸಗಿತನದ ತಕರಾರು

ದಿನವಿಡೀ ಬೀದಿಯ ಮುಖಗಳನ್ನೆಲ್ಲ ಚಿತ್ರಿಸಿಕೊಂಡು ತಿರುಗುವುದು ಸರಿಯೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಜರ್ಮನಿಯ ಉನ್ನತ ನ್ಯಾಯಾಲಯ 2018ರ ಮೇ ತಿಂಗಳಲ್ಲಿ ನಡುದಾರಿಯೊಂದನ್ನು ಹಿಡಿಯಿತು: ಕಾರಣವಿಲ್ಲದೆ ಸದಾ ಚಿತ್ರಿಸುತ್ತಿರುವುದು ಅಲ್ಲಿನ ಖಾಸಗಿ ಮಾಹಿತಿ ಕಾನೂನಿಗೆ ವಿರುದ್ಧ, ಆದರೂ ಅಪಘಾತದ ದಾವೆಯಲ್ಲಿ ಆ ದೃಶ್ಯವನ್ನು ಸಾಕ್ಷಿಯಾಗಿ ನೋಡಬಹುದು. ನಮ್ಮಲ್ಲಿ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದಿದೆ. 2023ರ ಡಿಜಿಟಲ್ ಮಾಹಿತಿ ರಕ್ಷಣಾ ಕಾಯ್ದೆಯಾದರೋ ಒಬ್ಬ ವ್ಯಕ್ತಿ ತನ್ನ ಸ್ವಂತ, ಮನೆವಾರ್ತೆಯ ಉದ್ದೇಶಕ್ಕೆ ಇಟ್ಟುಕೊಂಡದ್ದನ್ನು ಹೊರಗಿಟ್ಟಿದೆ. ನನ್ನ ಕಾರ್ಡಿನಲ್ಲಿ ಇರುವ ತನಕ ಅದು ನನ್ನದು. ಕಂಪನಿಯ ಸರ್ವರಿಗೆ ಹೋದರೆ, ಅಲ್ಲಿಂದ ವಿಮೆಯವರಿಗೆ ಹೋದರೆ ಆ ಮಾತು ನಿಲ್ಲುವುದಿಲ್ಲ. ಓಡಿಸುವ ರೀತಿ ನೋಡಿ ಪ್ರೀಮಿಯಂ ಕಟ್ಟುವ ಪಾಲಿಸಿಗಳಿಗೆ ವಿಮಾ ಪ್ರಾಧಿಕಾರ 2022ರ ಜುಲೈನಲ್ಲೇ ಒಪ್ಪಿಗೆ ಕೊಟ್ಟಿರುವುದರಿಂದ ಇದು ದೂರದ ಭಯವೇನಲ್ಲ. ದೃಶ್ಯ ಕಾರಿನಲ್ಲೇ ಉಳಿಯಬೇಕು, ಒಳಗಿನ ಮಾತು ಮುದ್ರಿಸುವ ಮೈಕು ಮೊದಲಿಗೆ ಬಂದ್ ಆಗಿಯೇ ಬರಬೇಕು.

ಕಾರವಾರದವರಿಗೆ ಇನ್ನೊಂದು ಗೊತ್ತು. ಅರಗಾದಲ್ಲಿ ಕದಂಬ ನೌಕಾನೆಲೆಯ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ಗೋಡೆಯ ಮೇಲೆ ಫೋಟೊ ತೆಗೆಯಬಾರದೆಂಬ ಫಲಕಗಳಿವೆ. ಎಲ್ಲ ಕಾರಿಗೂ ಕ್ಯಾಮೆರಾ ಬಂದರೆ ಆ ದಾರಿಯಲ್ಲಿ ಹೋಗುವ ಪ್ರತಿಯೊಬ್ಬನೂ ದಿನಾ ಚಿತ್ರಿಸಿದಂತೆಯೇ. ಕೈಗಾದ ಕಡೆ ಕೆಲಸಕ್ಕೆ ಹೋಗುವವರ ಕಾರಿಗೂ ಇದೇ ಪ್ರಶ್ನೆ. ಇಂಥ ಜಾಗದಲ್ಲಿ ಏನು ಮಾಡಬೇಕು, ಹಾದುಹೋಗುವವರಿಗೆ ವಿನಾಯಿತಿ ಎಲ್ಲಿಯ ತನಕ ಎಂಬುದನ್ನು ಕಡ್ಡಾಯದ ಆದೇಶವೇ ಬರೆದಿಡಬೇಕು. ಇಲ್ಲದಿದ್ದರೆ ಗೇಟಿನಲ್ಲಿ ನಿಲ್ಲಿಸಿದ ದಿನ ಟ್ಯಾಕ್ಸಿಯವನೊಬ್ಬ ಉತ್ತರ ಹೇಳಬೇಕಾದೀತು.

ಮೊದಲು ಯಾವ ಗಾಡಿಗೆ

2025ರ ಜನವರಿ 22, ಬುಧವಾರ. ಕುಮಟಾದ ಸಂತೆಗೆ ತರಕಾರಿ ತುಂಬಿಕೊಂಡು ಸವಣೂರಿನಿಂದ ನಸುಕಿನಲ್ಲಿ ಬರುತ್ತಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಕಣಿವೆಗೆ ಉರುಳಿ ಹತ್ತು ವ್ಯಾಪಾರಿಗಳು ಸತ್ತರು. ಇನ್ನೊಂದು ವಾಹನಕ್ಕೆ ದಾರಿ ಕೊಡಲು ಎಡಕ್ಕೆ ಎಳೆದಾಗ ಹೀಗಾಯಿತು ಎಂದು ಪೊಲೀಸರು ಆಗ ಹೇಳಿದ್ದರು. ಆ ಇನ್ನೊಂದು ವಾಹನದ ಗುರುತು ಹಿಡಿಯಬಲ್ಲ ಕಣ್ಣು ಆ ಕಾಡಿನ ರಸ್ತೆಯಲ್ಲಿ ಇದ್ದರೆ ಲಾರಿಯಲ್ಲೇ ಇರಬೇಕಿತ್ತು. ಆ ಹತ್ತು ಮನೆಗಳ ಪಾಲಿಗೆ ಅದು ಬರೀ ಕುತೂಹಲದ ಸಂಗತಿಯಲ್ಲ.

ಹೊಸ ಕಾರು ಕೊಳ್ಳುವವರಿಂದ ಶುರುಮಾಡುವುದು ಸುಲಭ, ಆದರೆ ನಮ್ಮ ಘಟ್ಟದಲ್ಲಿ ಅದು ತಡವಾಗಿ ಫಲ ಕೊಡುವ ಮರ. ಅದಿರು, ಗ್ಯಾಸು, ಮೀನು ಸಾಗಿಸುವ ಲಾರಿಗಳು, ರಾತ್ರಿ ಬಸ್ಸುಗಳು, ಪ್ರವಾಸಿಗರ ಟೆಂಪೊಗಳು ಹಗಲಿರುಳು ರಸ್ತೆಯಲ್ಲೇ ಇರುತ್ತವೆ. ತಮಗಷ್ಟೇ ಅಲ್ಲ, ಎದುರಿನಲ್ಲಿ ಆಗುವ ಉಳಿದವರ ಅಪಘಾತಕ್ಕೂ ಅವು ಸಾಕ್ಷಿಯಾಗುತ್ತವೆ. ಪ್ರಯಾಣಿಕರನ್ನು ಹೊರುವ ಬಸ್ಸು, ಟ್ಯಾಕ್ಸಿಯಂಥ ಹೊಸ ವಾಹನಗಳಿಗೆ 2019ರ ಜನವರಿಯಿಂದಲೇ ಜಾಗ ತಿಳಿಸುವ ಸಾಧನ, ತುರ್ತು ಗುಂಡಿ ಕಡ್ಡಾಯವಿದೆ. ಅದೇ ಸಾಲಿಗೆ ಕ್ಯಾಮೆರಾ ಸೇರಿಸಲು ಹೊಸ ಕಾಯ್ದೆಯೇನೂ ಬೇಡ. ಮೊದಲು ಇವು, ಆಮೇಲೆ ಎಲ್ಲ ಹೊಸ ಕಾರುಗಳು. ಚಾಲಕನ ಮುಖದ ಕಡೆ ತಿರುಗಿಸಿದ ಕ್ಯಾಮೆರಾಕ್ಕೆ ಮಾತ್ರ ನನ್ನ ವಿರೋಧವಿದೆ. ಹದಿನಾಲ್ಕು ಗಂಟೆ ಓಡಿಸಿದವನು ಆಕಳಿಸಿದ್ದನ್ನು ತೋರಿಸಿ ಅವನ ಕೆಲಸ ಕಳೆಯುವುದು ಸುಲಭ, ಹದಿನಾಲ್ಕು ಗಂಟೆ ಓಡಿಸಲು ಹಚ್ಚಿದವರು ಆ ಚಿತ್ರದಲ್ಲಿ ಕಾಣುವುದಿಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ಪಾಲಾದ ಕೇರಳದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, 71 ದಿನಗಳ ನಂತರ. ಅಂಥ ದುರಂತದಲ್ಲಿ ಕಾರ್ಡೇನು, ಕ್ಯಾಮೆರಾವೇನು! ಆದರೆ ಗುಡ್ಡ ಬಿರುಕು ಬಿಡುವುದನ್ನು, ನೀರು ಒಸರುವುದನ್ನು, ರಸ್ತೆಗೆ ಮಣ್ಣು ಜಾರುವುದನ್ನು ಹಿಂದಿನ ದಿನಗಳಲ್ಲಿ ಅದೇ ದಾರಿಯಲ್ಲಿ ಹೋದ ಗಾಡಿಗಳು ಕಾಣುತ್ತವೆ. ದಿನಾ ಘಟ್ಟ ಹತ್ತಿಳಿಯುವ ಸಾರಿಗೆ ಬಸ್ಸಿನ ಮುಂಗಾಜಿನ ದೃಶ್ಯವನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಯಾರಾದರೂ ಬಲ್ಲವರು ಕೂತು ನೋಡಿದರೆ ಅದಕ್ಕೂ ಒಂದು ಬೆಲೆಯಿದೆ.

ಕಾನೂನು ಬರುವ ತನಕ ಕಾಯಬೇಕಾಗಿಲ್ಲದ ಕೆಲಸವೊಂದಿದೆ. 48 ಗಂಟೆಯ ಮೊದಲ ವರದಿ ಬರೆಯಲು ಬರುವ ಅಧಿಕಾರಿ ಎರಡು ಪ್ರಶ್ನೆ ಕೇಳಲಿ: ಡಿಕ್ಕಿಯಾದ ಗಾಡಿಗಳಲ್ಲಿ ಕ್ಯಾಮೆರಾ ಇತ್ತೇ? ಹಿಂದೆ ಮುಂದೆ ಇದ್ದ ಗಾಡಿಗಳಲ್ಲಿ? ಇದ್ದರೆ ಕಾರ್ಡು ಎಲ್ಲಿದೆ, ಹ್ಯಾಶ್ ಸಂಖ್ಯೆ ಏನು ಎಂದು ಬರೆದುಕೊಳ್ಳಲಿ. ಅಪಘಾತದ ವಿವರಗಳನ್ನು ಈಗ ಸ್ಥಳದಿಂದಲೇ ಮೊಬೈಲಿನಲ್ಲಿ ತುಂಬುವ ವ್ಯವಸ್ಥೆ ಪೊಲೀಸರ ಬಳಿ ಇದೆ, ಅದರಲ್ಲಿ ಒಂದು ಅಂಕಣ ಹೆಚ್ಚಿಸಿದರಾಯಿತು. ಆ ವರದಿಯ ಪ್ರತಿ ಪೆಟ್ಟು ತಿಂದವರಿಗೂ ಸಿಗಬೇಕೆಂದು ನಿಯಮವೇ ಹೇಳುವುದರಿಂದ, ದೃಶ್ಯ ಯಾರ ಬಳಿ ಇದೆ ಎಂಬುದು ಮನೆಯವರಿಗೆ ಐದನೆಯ ದಿನದ ಬದಲು ಎರಡನೆಯ ದಿನವೇ ತಿಳಿಯುತ್ತದೆ.

ಅಣ್ಣನ ಅಪಘಾತದ ಮರುವರ್ಷ ನಾನೂ ಒಂದು ಕ್ಯಾಮೆರಾ ಹಾಕಿಸಿದೆ. ಕಳೆದ ಮಳೆಗಾಲದಲ್ಲಿ ಕತಗಾಲದ ಹತ್ತಿರ ನನ್ನ ಮುಂದೆಯೇ ಒಂದು ಬೈಕು ಜಾರಿ ಬಿತ್ತು, ಎದುರಿನ ಟೆಂಪೊ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಹುಡುಗನನ್ನು ಆಟೊಕ್ಕೆ ಹತ್ತಿಸಿದ ಮೇಲೆ ಬೀಗದ ಗುಂಡಿ ಒತ್ತಿ ಕಾರ್ಡನ್ನು ಹೊರಗೆ ತೆಗೆದೆ, ನನ್ನ ಹೆಸರು ನಂಬರು ಬರೆದ ಚೀಟಿಯನ್ನು ಅವನ ಅಪ್ಪನ ಕೈಗೆ ಕೊಟ್ಟೆ. ಅವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದು ಎಂತಕ್ಕೆ?’ ಎಂದು ಕೇಳಿದರು.